ಟಿ. ರೆಕ್ಸ್ ಹಲ್ಲು ಹುಡುಕುತ್ತಾ ಸೌತ್ ಡಕೋಟಾದಲ್ಲಿ ಒಂದು ವಾರ

ಶನಿವಾರ

ಮಿನಿಯಾಪೊಲಿಸ್‌ನಿಂದ ರ‍್ಯಾಪಿಡ್ ಸಿಟಿಗೆ ಕಾರಿನಲ್ಲಿ ಇಡೀ ದಿನದ ದಾರಿ. ಅರ್ಧ ದಿನ ಬರೀ ಮೆಕ್ಕೆಜೋಳದ ಹೊಲ, ಅದರ ಬಗ್ಗೆ ಬರೆಯಲು ಏನೂ ಇಲ್ಲ. ಚೇಂಬರ್ಲೇನ್ ಊರಿನ ಹತ್ತಿರ ಮಿಸೌರಿ ನದಿ ದಾಟಿದ ಮೇಲೆ ಹೊಲ ಮುಗಿದು ಹುಲ್ಲುಗಾವಲು ಶುರುವಾಗುತ್ತದೆ, ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಆಮೇಲೆ ದಾರಿಯುದ್ದಕ್ಕೂ ವಾಲ್ ಡ್ರಗ್ ಅಂಗಡಿಯ ಬೋರ್ಡುಗಳು. ಎಷ್ಟು ಬೋರ್ಡು ಅಂದರೆ ಕೊನೆಗೆ ಬೇಡವೆಂದರೂ ಒಳಗೆ ಹೋಗಿ ಕಾಫಿ ಕುಡಿದೇ ಬರುತ್ತೀರಿ.

ನಾನು, ಹೆಂಡತಿ, ಶಿಕಾಗೋದಿಂದ ಬಂದ ಒಬ್ಬ ಗೆಳೆಯ. ನಾವು ಹೊರಟಿದ್ದು ರಾಜ್ಯದ ವಾಯವ್ಯ ಮೂಲೆಯ ಹಾರ್ಡಿಂಗ್ ಕೌಂಟಿಗೆ. ಅಲ್ಲಿ ದನ ಸಾಕುವ ಒಂದು ರ‍್ಯಾಂಚ್ ಇದೆ. ದಿನಕ್ಕೆ ಇಷ್ಟು ಅಂತ ದುಡ್ಡು ಕಟ್ಟಿದರೆ ಮಾರ್ಗದರ್ಶಿಯ ಜೊತೆ ಗುಡ್ಡ ಸುತ್ತಿ ಡೈನೋಸಾರ್ ಹಲ್ಲು ಹೆಕ್ಕಬಹುದು. ಸಿಕ್ಕಿದ ಬಿಡಿ ಹಲ್ಲು ನಮ್ಮದೇ. ಭಾರತದಲ್ಲಿ ಬೆಳೆದ ನಮಗೆ ಇದು ನಂಬಲು ಸ್ವಲ್ಪ ಕಷ್ಟ ಅಲ್ವಾ? ಆದರೆ ಅಮೆರಿಕದಲ್ಲಿ ಖಾಸಗಿ ಜಮೀನಿನ ಪಳೆಯುಳಿಕೆ ಜಮೀನಿನ ಮಾಲೀಕನ ಸೊತ್ತು. ಸರ್ಕಾರಿ ಜಮೀನಿನಲ್ಲಿ ಹಾಗಲ್ಲ. ಅಲ್ಲಿ ಬೆನ್ನುಮೂಳೆಯ ಪ್ರಾಣಿಗಳ ಪಳೆಯುಳಿಕೆ ಎತ್ತಲು ವಿಜ್ಞಾನಿಗಳಿಗೂ ಪರವಾನಗಿ ಬೇಕು. 2009ರ ಕಾನೂನು ಇದನ್ನು ಇನ್ನಷ್ಟು ಬಿಗಿ ಮಾಡಿದೆ.

ದಾರಿಯಲ್ಲಿ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಆ ಪಟ್ಟೆ ಪಟ್ಟೆ ಗುಡ್ಡ ನೋಡಿದವರೆಲ್ಲ ಇಲ್ಲೇ ಡೈನೋಸಾರ್ ಇರಬೇಕು ಅಂದುಕೊಳ್ಳುತ್ತಾರೆ. ಇಲ್ಲ. ಆ ಗುಡ್ಡಗಳು ಡೈನೋಸಾರ್‌ಗಳೆಲ್ಲ ಹೋಗಿ ಕೋಟ್ಯಂತರ ವರ್ಷ ಆದ ಮೇಲಿನವು, ಅಲ್ಲಿ ಸಿಗುವುದು ಪುರಾತನ ಕುದುರೆ, ಘೇಂಡಾಮೃಗಗಳ ಮೂಳೆ. ಅದರ ಕೆಳಗಿರುವ ಪಿಯರ್ ಶೇಲ್ ಅನ್ನುವ ಕಪ್ಪು ಪದರ ಡೈನೋಸಾರ್ ಕಾಲದ್ದೇ, ಆದರೆ ಅದು ಸಮುದ್ರದ ತಳ. ಟಿ. ರೆಕ್ಸ್, ಅಂದರೆ ಟೈರನೊಸಾರಸ್ ರೆಕ್ಸ್ ಅನ್ನುವ ಮಾಂಸ ತಿನ್ನುವ ದೊಡ್ಡ ಡೈನೋಸಾರ್ ಬೇಕಾದರೆ ನದಿ ಬಯಲಿನ ಮಣ್ಣು ಬೇಕು, ಅದೂ ಸರಿಯಾದ ಕಾಲದ್ದು. ಅದಕ್ಕೇ ಇನ್ನೂ ಉತ್ತರಕ್ಕೆ ಹೋಗಬೇಕು.

ಭಾನುವಾರ

ಬೆಳಿಗ್ಗೆ ಹಿಲ್ ಸಿಟಿಗೆ ಹೋದೆವು. ಅಲ್ಲಿ ಪಳೆಯುಳಿಕೆ ಅಗೆಯುವ ಬ್ಲ್ಯಾಕ್ ಹಿಲ್ಸ್ ಇನ್‌ಸ್ಟಿಟ್ಯೂಟ್ ಅನ್ನುವ ಸಂಸ್ಥೆಯವರ ಮ್ಯೂಸಿಯಂ ಇದೆ. ಹಲ್ಲು ಹುಡುಕಲು ಹೋಗುವ ಮುಂಚೆ ಇದನ್ನು ನೋಡಿ ಅನ್ನುತ್ತೇನೆ, ಯಾಕೆಂದರೆ ಸ್ಟ್ಯಾನ್ ಅನ್ನುವ ಟಿ. ರೆಕ್ಸ್ ಸಿಕ್ಕಿದ್ದು ನಾವು ಹೋಗುತ್ತಿರುವ ಬಫಲೋ ಊರಿನ ಹತ್ತಿರವೇ. 1987ರಲ್ಲಿ ಸ್ಟ್ಯಾನ್ ಸ್ಯಾಕ್ರಿಸನ್ ಅನ್ನುವವರ ಕಣ್ಣಿಗೆ ಬಿತ್ತು, 1992ರಲ್ಲಿ ಅಗೆದು ತೆಗೆದರು. 2020ರ ಅಕ್ಟೋಬರ್‌ನಲ್ಲಿ ಹರಾಜಿನಲ್ಲಿ 3.18 ಕೋಟಿ ಡಾಲರ್‌ಗೆ ಹೋಯಿತು. ಈಗ ಅದು ಅಬುಧಾಬಿಯ ಪಾಲು. ಹಲ್ಲು ಸಾಲಾಗಿ ಕೂತ ಆ ದವಡೆಯ ಎರಕದ ಮುಂದೆ ನಿಂತರೆ ಒಂದು ವಿಷಯ ಗೊತ್ತಾಗುತ್ತದೆ. ಎಲ್ಲ ಹಲ್ಲೂ ಒಂದೇ ಥರ ಇಲ್ಲ. ಮುಂದಿನವು ಚಿಕ್ಕವು, ಅಡ್ಡ ಕೊಯ್ದರೆ ಇಂಗ್ಲಿಷಿನ ಡಿ ಅಕ್ಷರದ ಆಕಾರ. ಪಕ್ಕದವು ದೊಡ್ಡವು, ದಪ್ಪ. ಒಂದು ಪೂರ್ತಿ ಬೆಳೆದಿದೆ, ಪಕ್ಕದ್ದು ಈಗಷ್ಟೇ ಮೂಡುತ್ತಿದೆ.

ಸೂ ಅನ್ನುವ ಟಿ. ರೆಕ್ಸ್ ಕಥೆ ಗೊತ್ತಿರುವವರು ಮುಂದಿನ ಪ್ಯಾರಾಕ್ಕೆ ಹೋಗಿ. 1990ರ ಆಗಸ್ಟ್ 12ರಂದು ಸೂ ಹೆಂಡ್ರಿಕ್ಸನ್ ಫೇತ್ ಅನ್ನುವ ಊರಿನ ಹತ್ತಿರ ದೊಡ್ಡ ಟಿ. ರೆಕ್ಸ್ ಒಂದನ್ನು ಕಂಡರು. ಇದೇ ಸಂಸ್ಥೆಯವರು ಜಮೀನಿನವನಿಗೆ 5,000 ಡಾಲರ್ ಕೊಟ್ಟು ಅಗೆದರು. ಆಮೇಲೆ ಗೊತ್ತಾಗಿದ್ದು, ಆ ಜಮೀನು ಅಮೆರಿಕದ ಮೂಲನಿವಾಸಿಗಳ ಮೀಸಲು ಪ್ರದೇಶದೊಳಗಿದೆ, ಕೇಂದ್ರ ಸರ್ಕಾರ ಅದನ್ನು ಅವನ ಪರವಾಗಿ ಟ್ರಸ್ಟಿನಲ್ಲಿ ಇಟ್ಟುಕೊಂಡಿದೆ, ಅವನೊಬ್ಬನೇ ಮಾರುವ ಹಾಗಿಲ್ಲ. 1992ರಲ್ಲಿ ಎಫ್‌ಬಿಐ ಬಂದು ಮೂಳೆಯನ್ನೆಲ್ಲ ಎತ್ತಿಕೊಂಡು ಹೋಯಿತು. ವರ್ಷಗಟ್ಟಲೆ ಕೋರ್ಟು. 1997ರಲ್ಲಿ ಹರಾಜು, 83.6 ಲಕ್ಷ ಡಾಲರ್, ಶಿಕಾಗೋದ ಫೀಲ್ಡ್ ಮ್ಯೂಸಿಯಂಗೆ. ಈ ಭಾಗದ ರ‍್ಯಾಂಚಿನವರು ತಮ್ಮ ಗುಡ್ಡಗಳನ್ನು ನೋಡುವ ರೀತಿ ಆ ವರ್ಷದಿಂದ ಬದಲಾಯಿತು ಅಂತ ಊಟದ ಹೊತ್ತಿಗೆ ಯಾರನ್ನು ಕೇಳಿದರೂ ಹೇಳುತ್ತಾರೆ.

ಮಧ್ಯಾಹ್ನ ಬೆಲ್ ಫೂಷ್ ದಾಟಿ ಬಫಲೋ. ಮುನ್ನೂರು ಚಿಲ್ಲರೆ ಜನರ ಊರು. ಸಸ್ಯಾಹಾರಿಗಳಿಗೆ ಚೀಸ್ ಸ್ಯಾಂಡ್‌ವಿಚ್, ಅಷ್ಟೇ. ನಾವು ಪುಳಿಯೋಗರೆ ಗೊಜ್ಜು, ಅಕ್ಕಿ, ಪುಟ್ಟ ಕುಕ್ಕರ್ ತಂದಿದ್ದೆವು.

ಸೋಮವಾರ

ಬೆಳಿಗ್ಗೆ ಏಳಕ್ಕೆ ರ‍್ಯಾಂಚಿನ ಶೆಡ್ಡಿನಲ್ಲಿ ಸೇರಿದೆವು. ನಮ್ಮ ಜೊತೆ ಒಬ್ಬರು ನಿವೃತ್ತ ಶಾಲಾ ಶಿಕ್ಷಕಿ, ಅವರ ಗಂಡ, ಮತ್ತೆ ಕಾಲೇಜು ಓದುವ ಅಣ್ಣ ತಂಗಿ. ಮೊದಲು ಒಪ್ಪಂದದ ಕಾಗದ. ಬಿಡಿ ಹಲ್ಲು, ಚೂರು ಮೂಳೆ ಸಿಕ್ಕಿದವರದು. ತಲೆಬುರುಡೆ, ದವಡೆ, ಜೋಡಿಸಿಕೊಂಡಿರುವ ಮೂಳೆಗಳು ರ‍್ಯಾಂಚಿನವರದು. ವಿಜ್ಞಾನಕ್ಕೆ ಮುಖ್ಯ ಅನ್ನಿಸಿದ್ದನ್ನು ಮಾರ್ಗದರ್ಶಿ ಹಿಡಿದಿಟ್ಟುಕೊಳ್ಳಬಹುದು. ಈ ಕೊನೆಯ ಸಾಲು ಬಹಳ ಸಣ್ಣ ಅಕ್ಷರದಲ್ಲಿತ್ತು. ಅದು ಗುರುವಾರ ಬಹಳ ದೊಡ್ಡದಾಯಿತು, ಅಲ್ಲಿಗೆ ಬರುತ್ತೇನೆ.

ಈ ಗುಡ್ಡಗಳ ಕಲ್ಲಿಗೆ ಹೆಲ್ ಕ್ರೀಕ್ ಫಾರ್ಮೇಶನ್ ಅಂತ ಹೆಸರು. ಮೊಂಟಾನಾ ಮತ್ತು ಎರಡೂ ಡಕೋಟಾಗಳಲ್ಲಿ ಹರಡಿದೆ, ವ್ಯೋಮಿಂಗ್‌ನಲ್ಲಿ ಇದೇ ಕಾಲದ ಕಲ್ಲನ್ನು ಲ್ಯಾನ್ಸ್ ಅನ್ನುತ್ತಾರೆ. ಸುಮಾರು 6.8 ಕೋಟಿಯಿಂದ 6.6 ಕೋಟಿ ವರ್ಷ ಹಿಂದಿನ ನದಿಗಳು ಬಿಟ್ಟುಹೋದ ಮರಳು ಮತ್ತು ಜೇಡಿ. ಅದರ ನೆತ್ತಿಯಲ್ಲಿ ಡೈನೋಸಾರ್ ಯುಗ ಮುಗಿಯುತ್ತದೆ. ಟಿ. ರೆಕ್ಸ್ ಅನ್ನು ಜಗತ್ತಿಗೆ ತಂದುಕೊಟ್ಟ ಕಲ್ಲು ಇದು. ಬಾರ್ನಮ್ ಬ್ರೌನ್ 1902ರಲ್ಲಿ ಮೊಂಟಾನಾದಲ್ಲಿ ಅಗೆದ ಅಸ್ಥಿಪಂಜರಕ್ಕೇ 1905ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬರ್ನ್ ಆ ಹೆಸರಿಟ್ಟರು.

ಹುಡುಕುವ ಕೆಲಸ ಅಂದರೆ ನಡೆಯುವುದು. ಬೆನ್ನು ಬಗ್ಗಿಸಿ ನಿಧಾನವಾಗಿ ನಡೆಯುವುದು. ಒಣಗಿದ ಬೆಂಟೊನೈಟ್ ಜೇಡಿ ಮೇಲೆ ಮಂಡಕ್ಕಿ ಹರಡಿದ ಹಾಗೆ ಉಬ್ಬಿ ಕೂತಿರುತ್ತದೆ, ಕಾಲಿಟ್ಟರೆ ಕರಕರ ಅನ್ನುತ್ತದೆ. ಅಲ್ಲಿ ಸುಮ್ನೆ ಅಗೆದರೆ ಏನೂ ಸಿಗುವುದಿಲ್ಲ. ಹಳೆಯ ನದಿ ತಿರುವಿನಲ್ಲಿ ಭಾರದ ಚೂರುಗಳು ಒಟ್ಟಾಗಿ ನಿಂತ ಪದರ ಇರುತ್ತದೆ, ಕಬ್ಬಿಣದ ಬಣ್ಣದ ಉಂಡೆ ಕಲ್ಲುಗಳು ಅದರ ಗುರುತು. ಆ ಪದರ ಗುಡ್ಡದ ಬದಿಯಲ್ಲಿ ಎಲ್ಲಿ ಹೊರಬಂದಿದೆ ಅಂತ ನೋಡಿ, ಅದರ ಕೆಳಗೆ ಮಳೆ ನೀರು ಕೊಚ್ಚಿ ತಂದದ್ದನ್ನು ಹುಡುಕಬೇಕು. ಚೂರು ಕಂಡರೆ ಮೇಲಕ್ಕೆ ಹತ್ತುತ್ತಾ ಹೋಗಬೇಕು, ಎಲ್ಲಿ ಚೂರು ನಿಲ್ಲುತ್ತದೋ ಅದರ ಆಚೀಚೆಯೇ ಮೂಲ.

ಮೊದಲ ಗಂಟೆಯಲ್ಲಿ ಸಿಕ್ಕಿದ್ದು ಆಮೆ ಚಿಪ್ಪು. ಆಮೇಲೆ ಇನ್ನಷ್ಟು ಆಮೆ ಚಿಪ್ಪು. ಗಾರ್ ಮೀನಿನ ಹೊಳೆಯುವ ಹುರುಪೆ, ಮೊಸಳೆ ಹಲ್ಲು, ಟ್ರೈಸೆರಾಟಾಪ್ಸ್ ಅನ್ನುವ ಮೂರು ಕೊಂಬಿನ ಡೈನೋಸಾರ್‌ನ ತೇದು ಹೋದ ಹಲ್ಲುಗಳು. ಈ ಕೊನೆಯದನ್ನು ಇಲ್ಲಿನವರು ಸ್ಪಿಟರ್ ಅನ್ನುತ್ತಾರೆ. ಸೊಪ್ಪು ಜಗಿಯುವ ಟ್ರೈಸೆರಾಟಾಪ್ಸ್ ಬಾಯಲ್ಲಿ ನೂರಾರು ಹಲ್ಲು ಒಂದರ ಕೆಳಗೊಂದು ಕಾದು ಕೂತಿರುತ್ತವೆ, ಮೇಲಿನದು ತೇದಾಗ ಬಿದ್ದುಹೋಗುತ್ತದೆ. ಹಾಗಾಗಿ ಅವು ಎಲ್ಲೆಂದರಲ್ಲಿ ಸಿಗುತ್ತವೆ. ಮಾಂಸ ತಿನ್ನುವ ದೊಡ್ಡ ಡೈನೋಸಾರ್ ಹಲ್ಲು ಹಾಗಲ್ಲ. ಇಡೀ ಗುಂಪಿಗೆ ಸಂಜೆವರೆಗೆ ಸಿಕ್ಕಿದ್ದು ಒಂದೇ ತುದಿ, ಎರಡು ಸೆಂಟಿಮೀಟರ್ ಕೂಡ ಇಲ್ಲ. ಕಂದು ಬಣ್ಣ, ಅಂಚಿನಲ್ಲಿ ಗರಗಸದ ಹಲ್ಲುಗಳು ಎಣಿಸುವಷ್ಟು ಸ್ಪಷ್ಟ. ಕಾಲೇಜಿನ ಹುಡುಗಿಗೆ ಸಿಕ್ಕಿತು. ಅವಳು ಕಿರುಚಿದ್ದಕ್ಕೆ ಎಲ್ಲರೂ ಹಾವು ಅಂದುಕೊಂಡು ಓಡಿದೆವು. ಇಲ್ಲಿ ರ‍್ಯಾಟಲ್ ಹಾವು ನಿಜವಾಗಿಯೂ ಇವೆ, ಬಂಡೆಯ ನೆರಳಿಗೆ ನೋಡದೆ ಕೈ ಹಾಕಬಾರದು.

ಮಂಗಳವಾರ

ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಮಾರ್ಗದರ್ಶಿಯ ಮೆಸೇಜ್ ಬಂತು: ಇವತ್ತು ಯಾರೂ ಬರಬೇಡಿ. ಜ್ವಾಲಾಮುಖಿ ಬೂದಿಯಿಂದ ಆದ ಆ ಜೇಡಿ ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ. ಗಂಬೋ ಅನ್ನುತ್ತಾರೆ. ಫೋರ್ ವ್ಹೀಲ್ ಗಾಡಿ ಕೂಡ ಹೂತು ನಿಲ್ಲುತ್ತದೆ, ಬೂಟಿಗೆ ಅಂಟಿದ್ದು ಹೆಜ್ಜೆ ಹೆಜ್ಜೆಗೂ ದಪ್ಪವಾಗುತ್ತಾ ಹೋಗುತ್ತದೆ.

ಮಧ್ಯಾಹ್ನ ಆತನೇ ಮೋಟೆಲಿಗೆ ಬಂದ, ಡಬ್ಬಿ ತುಂಬ ಹಲ್ಲು ಹಿಡಿದುಕೊಂಡು. ಇಡೀ ವಾರದಲ್ಲಿ ನನಗೆ ಅತಿ ಇಷ್ಟವಾದ ದಿನ ಇದೇ. ಬಿಸಿಲಲ್ಲಿ ನಡೆದದ್ದಕ್ಕಿಂತ ಜಾಸ್ತಿ ಮೋಟೆಲಿನ ಮೇಜಿನ ಮೇಲೆ ಕಲಿತೆ.

ಮೊದಲು ಹಲ್ಲಿನ ಬುಡ ನೋಡಬೇಕು. ಟಿ. ರೆಕ್ಸ್ ಹಲ್ಲು ಬದುಕಿನುದ್ದಕ್ಕೂ ಬಿದ್ದು ಹುಟ್ಟುತ್ತಲೇ ಇರುತ್ತದೆ. ಒಂದು ಹಲ್ಲಿಗೆ ಸುಮಾರು ಎರಡು ವರ್ಷ ಅಂತ ಹಲ್ಲಿನೊಳಗಿನ ಬೆಳವಣಿಗೆ ಗೆರೆ ಎಣಿಸಿ ಲೆಕ್ಕ ಹಾಕಿದ್ದಾರೆ. ಹೊಸ ಹಲ್ಲು ಕೆಳಗಿನಿಂದ ಬೆಳೆಯುವಾಗ ಹಳೆಯದರ ಬೇರು ಕರಗಿಹೋಗುತ್ತದೆ, ಆಮೇಲೆ ಏನನ್ನೋ ಕಚ್ಚುವಾಗ ಮೇಲಿನದು ಉದುರುತ್ತದೆ. ಬಾಯಲ್ಲಿ ಐವತ್ತು ಅರವತ್ತು ಹಲ್ಲು, ಇಪ್ಪತ್ತೈದು ಮೂವತ್ತು ವರ್ಷದ ಆಯಸ್ಸು. ಒಂದೇ ಪ್ರಾಣಿ ನೂರಾರು ಹಲ್ಲು ಉದುರಿಸಿರುತ್ತದೆ ಅಂತಾಯಿತು. ನಾವು ಹೆಕ್ಕುವುದೆಲ್ಲ ಬಹುಪಾಲು ಇಂಥವೇ, ಬೇರಿಲ್ಲದ, ಬುಡ ಟೊಳ್ಳಾದ ಹಲ್ಲು. ಅಂದರೆ ಅದು ಸತ್ತ ಡೈನೋಸಾರ್ ಗುರುತಲ್ಲ, ಊಟ ಮಾಡಿ ಮುಂದೆ ಹೋದ ಡೈನೋಸಾರ್ ಗುರುತು. ಬೇರು ಸಮೇತ ಸಿಕ್ಕಿದರೆ ಕಥೆಯೇ ಬೇರೆ: ಆ ಪ್ರಾಣಿ ಸತ್ತಾಗ ಹಲ್ಲು ದವಡೆಯಲ್ಲೇ ಇತ್ತು.

ಆಮೇಲೆ ತುದಿ. ಎಷ್ಟೋ ಹಲ್ಲಿನ ತುದಿಯಲ್ಲಿ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಎಗರಿ ಹೋಗಿರುತ್ತದೆ. ಮೂಳೆ ಕಚ್ಚಿದ್ದರಿಂದ ಆದ ಏಟು. ಮೊಂಟಾನಾದ ಒಂದು ಟ್ರೈಸೆರಾಟಾಪ್ಸ್ ಸೊಂಟದ ಮೂಳೆಯಲ್ಲಿ ಹತ್ತಾರು ಕಚ್ಚಿದ ಗುರುತುಗಳಿದ್ದವು, ಆ ತೂತಿಗೆ ದಂತವೈದ್ಯರು ಬಳಸುವ ಪುಟ್ಟಿ ತುಂಬಿ ಅಚ್ಚು ತೆಗೆದಾಗ ಬಂದದ್ದು ಟಿ. ರೆಕ್ಸ್ ಹಲ್ಲಿನ ಆಕಾರ. ಅಂಗಡಿಯಲ್ಲಿ ತುದಿ ಒಡೆದ ಹಲ್ಲಿಗೆ ಬೆಲೆ ಕಮ್ಮಿ. ನನಗೇನೋ ಅದೇ ಚೆಂದ ಕಾಣುತ್ತದೆ.

ಕೊನೆಗೆ ದೊಡ್ಡ ಜಗಳ: ಇದು ಯಾರ ಹಲ್ಲು? ಗರಗಸದ ಹಲ್ಲುಗಳು ಮುಂದಿನ ಅಂಚಿನಲ್ಲೂ ಹಿಂದಿನ ಅಂಚಿನಲ್ಲೂ ಹೆಚ್ಚುಕಡಿಮೆ ಒಂದೇ ಗಾತ್ರ ಇದ್ದರೆ ಟೈರನೊಸಾರ್ ಬಳಗ. ಹಿಂದಿನವು ದೊಡ್ಡವು, ಮುಂದಿನವು ತೀರ ಸಣ್ಣವು, ಹಲ್ಲೂ ಪುಟ್ಟದು ಅಂದರೆ ಚಿಕ್ಕ ಮಾಂಸಾಹಾರಿ ಡೈನೋಸಾರ್‌ಗಳಾದ ರ‍್ಯಾಪ್ಟರ್ ಬಳಗ ಇರಬಹುದು. ಇಲ್ಲಿತನಕ ಸರಿ. ಆದರೆ ಮೂರು ಸೆಂಟಿಮೀಟರ್‌ನ ಚಪ್ಪಟೆ ಹಲ್ಲೊಂದು ಸಿಕ್ಕಿದರೆ ಅದು ಮರಿ ಟಿ. ರೆಕ್ಸೋ, ನ್ಯಾನೊಟೈರನಸ್ಸೋ? 1942ರಲ್ಲಿ ಮೊಂಟಾನಾದಲ್ಲಿ ಒಂದು ಚಿಕ್ಕ ತಲೆಬುರುಡೆ ಸಿಕ್ಕಿತು. 1988ರಲ್ಲಿ ಅದಕ್ಕೆ ನ್ಯಾನೊಟೈರನಸ್ ಅಂತ ಹೆಸರಿಟ್ಟರು. ಆಮೇಲೆ ಬಹಳಷ್ಟು ಜನ ಅದು ಬರೀ ಮರಿ ಟಿ. ರೆಕ್ಸ್ ಅಂದುಬಿಟ್ಟರು. ಹಲ್ಲು ಮಾರುವವರು ಮಾತ್ರ ನ್ಯಾನೊ ಅಂತಲೇ ಚೀಟಿ ಅಂಟಿಸುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಲಿಂಡ್ಸೆ ಝ್ಯಾನೊ ಮತ್ತು ಜೇಮ್ಸ್ ನಪೋಲಿ ನೇಚರ್ ಪತ್ರಿಕೆಯಲ್ಲಿ ನಾರ್ತ್ ಕ್ಯಾರೊಲಿನಾದ ಮ್ಯೂಸಿಯಂನಲ್ಲಿರುವ ಅಸ್ಥಿಪಂಜರ ತೋರಿಸಿ, ಇದು ಬೆಳೆದ ಪ್ರಾಣಿಯೇ, ಬೇರೆಯದೇ ಜಾತಿ ಅಂದರು. ಅಲ್ಲಿಗೆ ಎಲ್ಲರ ಡಬ್ಬಿಯ ಚೀಟಿಗಳೂ ಅಲ್ಲಾಡಿದವು.

ಹಲ್ಲಿಗೆ ಹೆಸರಿಡುವ ಆತುರ ಹೊಸದಲ್ಲ. 1856ರಲ್ಲಿ ಜೋಸೆಫ್ ಲೈಡಿ ಮೊಂಟಾನಾದ ಜುಡಿತ್ ನದಿ ಕಡೆಯಿಂದ ಬಂದ ಕೆಲವು ಹಲ್ಲು ನೋಡಿಯೇ ಡೈನೋಡಾನ್ ಅಂತ ಹೆಸರಿಟ್ಟರು. ಆ ಹಲ್ಲು ಯಾವ ಟೈರನೊಸಾರ್‌ದು ಅಂತ ಹೇಳಲಾಗದೆ ಇವತ್ತು ಆ ಹೆಸರನ್ನು ಯಾರೂ ಬಳಸುವುದಿಲ್ಲ. ನನ್ನ ಪ್ರಕಾರ ಹಲ್ಲಿನ ಬೆಲೆ ಇರುವುದು ಅದು ಯಾವ ಪದರದಲ್ಲಿ, ಎಲ್ಲಿ, ಯಾವತ್ತು ಸಿಕ್ಕಿತು ಅನ್ನುವುದರಲ್ಲಿ. ಹೆಸರು ನಾಳೆ ಬದಲಾಗಬಹುದು, ಜಾಗ ಬದಲಾಗುವುದಿಲ್ಲ. ಗೆಳೆಯ ಮೊರಾಕೊದಿಂದ ಬಂದ ಸ್ಪೈನೋಸಾರಸ್ ಹಲ್ಲನ್ನು ಶಿಕಾಗೋದಲ್ಲಿ ಕೊಂಡಿದ್ದ, ಅದನ್ನೂ ತಂದಿದ್ದ. ಲೆನ್ಸ್ ಹಿಡಿದು ನೋಡಿದರೆ ನಡುವೆ ಒಂದು ಗೆರೆ, ಗೆರೆಯ ಮೇಲೆ ಮರಳು ಬೆರೆಸಿದ ಅಂಟು. ಎರಡು ಹಲ್ಲಿನ ತುಂಡು ಸೇರಿಸಿ ಒಂದು ಮಾಡಿದ್ದರು. ಮೊರಾಕೊದ ಹಲ್ಲುಗಳಲ್ಲಿ ಇದು ತೀರ ಮಾಮೂಲು.

ರಾತ್ರಿ ಅಪ್ಪ ಫೋನಿನಲ್ಲಿ ಕೇಳಿದರು, ನಮ್ಮ ಕಡೆ ಯಾಕೆ ಇದೆಲ್ಲ ಇಲ್ಲ ಅಂತ. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ, ಡೈನೋಸಾರ್‌ಗಿಂತ ಎಷ್ಟೋ ಹಿಂದಿನದು. ಬೆಳಗಾವಿ ಕಡೆಯ ಕಪ್ಪು ಕಲ್ಲು ಲಾವಾ. ನಮ್ಮ ದೇಶದಲ್ಲಿ ಬೇಕಾದರೆ ಜಬಲ್ಪುರಕ್ಕೋ ಗುಜರಾತಿನ ರೈಯೋಲಿಗೋ ಹೋಗಬೇಕು, 2003ರಲ್ಲಿ ಹೆಸರಿಟ್ಟ ರಾಜಾಸಾರಸ್ ಅಲ್ಲಿಯದೇ. ಅಪ್ಪ ಎಲ್ಲ ಕೇಳಿ, ಊಟಕ್ಕೇನು ಮಾಡುತ್ತಿದ್ದೀರಿ ಅಂದರು.

ಬುಧವಾರ

ಬಿಸಿಲು ಬಂತು. ಮಳೆಯಾದ ಮಾರನೇ ದಿನ ಹುಡುಕಲು ಬಹಳ ಒಳ್ಳೆಯದು, ಮೇಲಿನ ಮಣ್ಣು ತೊಳೆದು ಹೊಸ ಚೂರು ಎದ್ದಿರುತ್ತದೆ. ಹತ್ತು ಗಂಟೆ ಹೊತ್ತಿಗೆ ನೆಲ ಗಟ್ಟಿಯಾಯಿತು.

ನನ್ನ ಹಲ್ಲು ಸಿಕ್ಕಿದ್ದು ಒಂದು ಸಣ್ಣ ಕೊರಕಲಿನ ಬಾಯಲ್ಲಿ. ಮೊದಲು ಕಂಡದ್ದು ಹೊಳಪು. ಮೂಳೆಗೆ ಆ ಹೊಳಪಿಲ್ಲ, ಕಬ್ಬಿಣದ ಕಲ್ಲಿಗೂ ಇಲ್ಲ, ಎನಾಮಲ್‌ಗೆ ಮಾತ್ರ. ಒಂದು ಅಂಚು ಮಾತ್ರ ಹೊರಗಿತ್ತು, ಗರಗಸ ಮೇಲಕ್ಕೆ ಮಾಡಿ. ಕೀಳಬೇಡ ಅಂತ ಮಾರ್ಗದರ್ಶಿ ದೂರದಿಂದಲೇ ಕೂಗಿದ. ಆರೂವರೆ ಕೋಟಿ ವರ್ಷ ಮಣ್ಣಿನ ಒತ್ತಡದಲ್ಲಿ ಕೂತ ಹಲ್ಲಿನೊಳಗೆ ಕೂದಲೆಳೆಯಂಥ ಬಿರುಕುಗಳು ತುಂಬಿರುತ್ತವೆ, ಸುತ್ತಲಿನ ಮಣ್ಣೇ ಅದನ್ನು ಹಿಡಿದಿಟ್ಟಿರುತ್ತದೆ. ಅದಕ್ಕೆ ಮೊದಲು ಕುಂಚದಿಂದ ಧೂಳು ತೆಗೆದು, ನೀರಿನಷ್ಟು ತೆಳು ಸೂಪರ್‌ಗ್ಲೂ ಹನಿ ಹನಿ ಬಿಟ್ಟು, ಅದು ಬಿರುಕಿಗೆ ಇಳಿದು ಒಣಗುವವರೆಗೆ ಕಾದು, ಮತ್ತೆ ಬಿದಿರಿನ ಕಡ್ಡಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪ ಕೆರೆದು, ಮತ್ತೆ ಅಂಟು ಬಿಟ್ಟು, ಹೀಗೆ ಒಂದು ಹಲ್ಲಿಗೆ ಒಂದೂವರೆ ಗಂಟೆ ಹೊಟ್ಟೆಯ ಮೇಲೆ ಮಲಗಿದ್ದೆ, ಇರುವೆಗಳು ಅಂಗಿಯೊಳಗೆ ಓಡಾಡುತ್ತಿದ್ದವು. ಮ್ಯೂಸಿಯಂನವರು ಸೂಪರ್‌ಗ್ಲೂ ಇಷ್ಟಪಡುವುದಿಲ್ಲ, ಆಮೇಲೆ ಬಿಡಿಸುವುದು ಕಷ್ಟ. ಅವರು ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಅಥವಾ ಬ್ಯೂಟ್ವಾರ್ ಅನ್ನುವ ಅಂಟು ಬಳಸುತ್ತಾರೆ. ರ‍್ಯಾಂಚಿನಲ್ಲಿ ಎರಡೂ ಇರುತ್ತವೆ, ಅವಸರಕ್ಕೆ ಮಾತ್ರ ಗ್ಲೂ.

ಹೊರಬಂದಾಗ ಮೂರೂವರೆ ಸೆಂಟಿಮೀಟರ್. ಬುಡ ಅರ್ಧ ಮುರಿದಿದೆ. ತುದಿಯ ಎನಾಮಲ್ ಎಗರಿದೆ. ಬಣ್ಣ ಜೇನಿನಿಂದ ಕಪ್ಪಿಗೆ ತಿರುಗುತ್ತದೆ. ಜಾಗದ ಜಿಪಿಎಸ್ ಬರೆದುಕೊಂಡು, ಪದರದ ಫೋಟೋ ತೆಗೆದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಇಟ್ಟೆ. ಹೆಂಡತಿಗೆ ಅದೇ ಕೊರಕಲಿನಲ್ಲಿ ಚ್ಯಾಂಪ್ಸೊಸಾರ್ ಅನ್ನುವ ಮೊಸಳೆಯಂಥ ಸರೀಸೃಪದ ಬೆನ್ನುಮೂಳೆ ಸಿಕ್ಕಿತು. ಅದು ಡೈನೋಸಾರೇ ಅಲ್ಲ, ಮೊಸಳೆಯೂ ಅಲ್ಲ, ಆದರೂ ನಿನ್ನದಕ್ಕಿಂತ ನನ್ನದು ಪೂರ್ತಿ ಇದೆ ಅಂತ ಅವಳ ವಾದ.

ಗುರುವಾರ

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಶಿಕ್ಷಕಿ ಮರಳುಗಲ್ಲಿನ ಅಂಚಿನಲ್ಲಿ ಕೂತು ಏನೂ ಮಾತಾಡದೆ ಕೈ ಎತ್ತಿದರು. ನಾವು ಹೋಗಿ ನೋಡಿದರೆ ಅವರ ಅಂಗೈಗಿಂತ ಉದ್ದದ ಹಲ್ಲು. ದಪ್ಪ ಅಂದರೆ ದಪ್ಪ. ಕುಂಚ ಆಡಿಸುತ್ತಾ ಹೋದ ಹಾಗೆ ಎನಾಮಲ್ ಮುಗಿದು ಮಂಕು ಬಣ್ಣದ ಬೇರು ಶುರುವಾಯಿತು, ಅದು ಮುಗಿಯಲೇ ಇಲ್ಲ, ಕಲ್ಲಿನೊಳಗೆ ಹೋಗುತ್ತಲೇ ಇತ್ತು.

ಮಾರ್ಗದರ್ಶಿಯ ಮುಖ ಬದಲಾಯಿತು. ಎಲ್ಲರೂ ಹಿಂದೆ ಸರಿಯಿರಿ ಅಂದ. ಬೇರು ಇದೆ ಅಂದರೆ ದವಡೆ ಪಕ್ಕದಲ್ಲೇ ಇರಬಹುದು, ದವಡೆ ಇದ್ದರೆ ತಲೆ, ತಲೆ ಇದ್ದರೆ ಉಳಿದದ್ದೂ. ಸುತ್ತ ಬಣ್ಣದ ಬಾವುಟ ನೆಟ್ಟರು. ರ‍್ಯಾಂಚಿನ ಯಜಮಾನ ಬಂದ. ಪಕ್ಕದಲ್ಲೇ ಒಂದು ಮೂಳೆಯ ಅಂಚು ಕಂಡಿತು, ಯಾರದು ಅಂತ ಹೇಳಲಾಗದಷ್ಟು ಸಣ್ಣದು. ಹಲ್ಲನ್ನು ಒದ್ದೆ ಕಾಗದದಿಂದ ಮುಚ್ಚಿ, ಗೋಣಿ ಬಟ್ಟೆ, ಪ್ಲಾಸ್ಟರ್ ಸುತ್ತಿ ಕಲ್ಲಿನ ಸಮೇತ ಎತ್ತಿದರು.

ಆಮೇಲೆ ಶುರುವಾಯಿತು ಮಾತು. ಬಿಡಿ ಹಲ್ಲು ಸಿಕ್ಕಿದವರದು ಅಂತಲ್ವಾ ಬರೆದಿರುವುದು, ಅಂದರು ಶಿಕ್ಷಕಿಯ ಗಂಡ. ಬೇರಿರುವ ಹಲ್ಲು ಬಿಡಿ ಹಲ್ಲಲ್ಲ, ಸುತ್ತ ಅಗೆದು ನೋಡುವವರೆಗೆ ನಮ್ಮಲ್ಲೇ ಇರುತ್ತದೆ, ಅಂದ ಯಜಮಾನ. ಇಂಥ ಹಲ್ಲು ಸಾವಿರಾರು ಡಾಲರ್ ಬಾಳುತ್ತದೆ, ಎರಡೂ ಕಡೆಯವರಿಗೂ ಅದು ಗೊತ್ತಿತ್ತು. ಶಿಕ್ಷಕಿ ಮಾತ್ರ ತಣ್ಣಗಿದ್ದರು, ಅಗೆಯಿರಿ ಅಂದುಬಿಟ್ಟರು. ಅವರು ಮಾಡಿದ್ದು ಸರಿ ಅನ್ನಿಸಿತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಪಕ್ಕದಲ್ಲಿ ಏನಿತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ದುಡ್ಡು ತಗೊಳ್ಳುವವರು ಈ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಬಾಯಲ್ಲೂ ಹೇಳಬೇಕಿತ್ತು. ಸಂಜೆ ಊಟಕ್ಕೆ ಆ ಗಂಡ ಬರಲಿಲ್ಲ.

ಶುಕ್ರವಾರ

ಕೊನೆಯ ದಿನ ಅರ್ಧ ಹೊತ್ತು ಮಾತ್ರ. ಜಾಸ್ತಿ ಏನೂ ಸಿಗಲಿಲ್ಲ. ಶೆಡ್ಡಿನಲ್ಲಿ ಕೂತು ಚೀಟಿ ಬರೆದೆವು. ನನ್ನದರ ಮೇಲೆ ಏನು ಬರೆಯಲಿ ಅಂತ ಕೇಳಿದೆ. ಬುಡ ಮುರಿದಿರುವುದರಿಂದ ಅಡ್ಡ ಆಕಾರ ನೋಡಿ ಹೇಳಲು ಆಗುವುದಿಲ್ಲ, ಟೈರನೊಸಾರಿಡ್, ಅಂದರೆ ಟಿ. ರೆಕ್ಸ್ ಕುಟುಂಬದ್ದು, ಅಂತಷ್ಟೇ ಬರಿ ಅಂದ ಮಾರ್ಗದರ್ಶಿ. ಅದು ಸರಿಯಾ ಅಂತ ಗೆಳೆಯ ತಕ್ಷಣ ತಡೆದ, ನ್ಯಾನೊಟೈರನಸ್ ಆ ಕುಟುಂಬಕ್ಕೇ ಸೇರುವುದಿಲ್ಲ ಅಂತ ನೇಚರ್ ಪತ್ರಿಕೆಯ ಆ ಹೊಸ ಲೇಖನದವರು ಹೇಳುತ್ತಾರಲ್ಲ. ಅರ್ಧ ಗಂಟೆ ಚರ್ಚೆ. ಕೊನೆಗೆ ಟೈರನೊಸಾರ್ ಬಳಗ, ಹೆಲ್ ಕ್ರೀಕ್, ಹಾರ್ಡಿಂಗ್ ಕೌಂಟಿ, ನದಿಪಾತ್ರದ ಮರಳುಗಲ್ಲಿನ ಬುಡ, ಜಿಪಿಎಸ್, ತಾರೀಕು. ಕಾಲೇಜಿನ ಹುಡುಗಿ ತನ್ನ ಎರಡು ಸೆಂಟಿಮೀಟರ್ ತುದಿಗೆ ದಪ್ಪ ಮಾರ್ಕರಿನಲ್ಲಿ ಟಿ. ರೆಕ್ಸ್ ಅಂತಲೇ ಬರೆದಳು. ಅವಳ ಅಣ್ಣ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದ. ಅವಳು ಅದನ್ನು ಹೊಡೆದು ಹಾಕಿದಳು.

ಹೋಗುವವರಿಗೆ ಎರಡು ಮಾತು. ಜುಲೈ ಮಧ್ಯದ ಬಿಸಿಲಿಗಿಂತ ಜೂನ್ ಶುರು ಅಥವಾ ಸೆಪ್ಟೆಂಬರ್ ವಾಸಿ, ಆದರೆ ಜೂನ್‌ನಲ್ಲಿ ಮಳೆಗೆಂದು ಒಂದು ದಿನ ಎತ್ತಿಡಿ. ಕಣಕಾಲು ಮುಚ್ಚುವ ಬೂಟು ಬೇಕೇ ಬೇಕು, ಕಳ್ಳಿ ಮುಳ್ಳು ಬಟ್ಟೆ ಬೂಟನ್ನು ಲೆಕ್ಕಿಸುವುದಿಲ್ಲ. ಬೇಲಿ ಎಲ್ಲಿ ಮುಗಿದು ಸರ್ಕಾರಿ ಜಮೀನು ಎಲ್ಲಿ ಶುರು ಅಂತ ಮೊದಲೇ ಕೇಳಿ ನಕ್ಷೆಯಲ್ಲಿ ನೋಡಿಕೊಳ್ಳಿ, ಅಲ್ಲಿ ಗುಡ್ಡ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಮತ್ತೆ ಒಪ್ಪಂದದ ಕಾಗದ, ಕೊನೆಯ ಸಾಲಿನವರೆಗೆ ಓದಿ.

ಆ ಬೇರಿನ ಹಲ್ಲು ಏನಾಯಿತು ಅಂತ ಕೇಳುವವರಿಗೆ: ಆಗಸ್ಟ್‌ನಲ್ಲಿ ಮಾರ್ಗದರ್ಶಿ ಮೇಲ್ ಮಾಡಿದ್ದ. ಸುತ್ತ ಮೂರು ಮೀಟರ್ ಅಗೆದರೂ ದವಡೆ ಇಲ್ಲ, ತಲೆ ಇಲ್ಲ. ಪಕ್ಕದ ಮೂಳೆ ಆಮೆಯದು. ಎಲ್ಲೋ ಮೇಲೆ ಕೊಳೆತ ಹೆಣದಿಂದ ಸಡಿಲಾಗಿ ನದಿಯಲ್ಲಿ ಬಂದದ್ದಿರಬೇಕು ಅಂತ ಅವನ ಅಂದಾಜು. ಅಂದರೆ ಬಿಡಿ ಹಲ್ಲೇ. ಡಬ್ಬಿಯಲ್ಲಿ ಹತ್ತಿ ತುಂಬಿ, ಜಾಗದ ನಕ್ಷೆಯ ಜೊತೆ, ವಿಮೆ ಮಾಡಿಸಿ ಶಿಕ್ಷಕಿಯ ಮನೆಗೆ ಕಳಿಸಿದ್ದಾರೆ. ಅವರ ಗಂಡ ಮುಂದಿನ ಜೂನ್‌ಗೆ ಇಬ್ಬರ ಹೆಸರಲ್ಲೂ ಜಾಗ ಕಾದಿರಿಸಿದ್ದಾರಂತೆ.